ಮಾವನ ಅಂಗಡಿ ಕಂಪ್ಯೂಟರಿಂದ ಬೇಡದ ಸಾಫ್ಟ್‌ವೇರ್ ಬೇರು ಸಮೇತ ಕಿತ್ತಿದ್ದು

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಸೋದರಮಾವನದು ಒಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್, ಕೆಲಸ ಜಾಸ್ತಿ ಟೈಪಿಂಗಿನದೇ. 11 ತಿಂಗಳ ಬಾಡಿಗೆ ಕರಾರು, ಅಫಿಡವಿಟ್, ಸಂಘದ ಲೆಟರ್‌ಹೆಡ್, ಗೃಹಪ್ರವೇಶದ ಕರೆಯೋಲೆ, ಎಲ್ಲಕ್ಕೂ ಇರುವುದು ಒಂದೇ ಡೆಸ್ಕ್‌ಟಾಪ್. ಶನಿವಾರ ಸಂಜೆ ಮಾವ ಫೋನ್ ಮಾಡಿದರು.

"ಲೋ, ಆನ್ ಮಾಡಿ ಗಾಂಧಿ ಬಜಾರಿಗೆ ಹೋಗಿ ಕಾಫಿ ಕುಡ್ಕೊಂಡ್ ಬಂದ್ರೂ ಇನ್ನೂ ತಿರುಗ್ತಾನೇ ಇರತ್ತೆ ಕಣೋ. ಮೂಲೇಲಿ ವೈರಸ್ ವೈರಸ್ ಅಂತ ಬಡ್ಕೊಳ್ತಾ ಇರತ್ತೆ. ಗಿರಾಕಿಗಳ ಮುಂದೆ ಮರ್ಯಾದೆ ಹೋಗ್ತಿದೆ."

"ಫಾರ್ಮ್ಯಾಟ್ ಮಾಡಿಬಿಡೋಣ ಮಾವ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋದು. ಅರ್ಧ ದಿನದ ಕೆಲಸ."

"ಫಾರ್ಮ್ಯಾಟ್ ಅನ್ನೋದಾದ್ರೆ ಅಂಗಡಿ ಮೆಟ್ಲು ಹತ್ತಬೇಡ."

ಅವರ ಹಟಕ್ಕೆ ಕಾರಣ ಇದೆ. ಅಲ್ಲಿರುವುದು ಕನ್ನಡ ಟೈಪ್ ಮಾಡುವ ನುಡಿ ಪ್ರೋಗ್ರಾಮಿನ ಹಳೇ ಆವೃತ್ತಿ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳು. ಆ ಕಾಲದ ಫೈಲುಗಳ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಕನ್ನಡದ ಆಕಾರದಲ್ಲಿ ತೋರಿಸುವುದು ಫಾಂಟ್. ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕೆಲವು ವರ್ಷದ ಹಿಂದೆ ನಾನೇ ಇದೇ ಅಂಗಡಿಯ ಹಳೇ ಕಂಪ್ಯೂಟರನ್ನು ಹುಮ್ಮಸ್ಸಿನಲ್ಲಿ ಫಾರ್ಮ್ಯಾಟ್ ಮಾಡಿ, ಎರಡು ದಿನ ಫಾಂಟ್ ಹುಡುಕುತ್ತಾ ಅಲೆದಿದ್ದೆ. ಮಾವ ಅದನ್ನು ಇನ್ನೂ ಮರೆತಿಲ್ಲ. ಜೊತೆಗೆ ಪ್ರಿಂಟರಿನ ಡ್ರೈವರ್ ಸಿಡಿ ಎಲ್ಲಿದೆ ಅಂತ ದೇವರಿಗೇ ಗೊತ್ತು.

ಹಾಗಾಗಿ ಫಾರ್ಮ್ಯಾಟ್ ಇಲ್ಲದೆ ಕಸ ಮಾತ್ರ ಕೀಳಬೇಕು.

ಭಾನುವಾರ, ಬೆಳಿಗ್ಗೆ 8

ಅಂಗಡಿ ಅರ್ಧ ಷಟರ್ ಎತ್ತಿ ಕೂತೆವು. ಯಂತ್ರ ಹಳೆಯದು. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇಂಟೆಲ್ ಪ್ರೊಸೆಸರಿದ್ದರೆ ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನದಾದರೂ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಲ್ಲಿ ಎರಡೂ ಇಲ್ಲ. ಹೊಸದು ತಗೊಳ್ಳಿ ಅಂದೆ. ದೀಪಾವಳಿ ಕಳೀಲಿ ಅಂದರು. ಆ ಮಾತು ಅಲ್ಲಿಗೇ ಬಿಟ್ಟೆ.

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಪವರ್ ಬಟನ್ ಒತ್ತಿದ್ದರಿಂದ ಹಿಡಿದು ನುಡಿ ತೆರೆದು ಒಂದು ಅಕ್ಷರ ಮೂಡುವ ತನಕ 6 ನಿಮಿಷ 40 ಸೆಕೆಂಡ್. ಅಷ್ಟರಲ್ಲಿ ಮೂಲೆಯಿಂದ ಮೂರು ಜಾಹೀರಾತು ಇಣುಕಿದವು.

ಕೈ ಹಾಕುವ ಮುಂಚೆ ಡಾಕ್ಯುಮೆಂಟ್ಸ್ ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಿಂದ ನುಡಿಯ ಫಾಂಟುಗಳನ್ನೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ಹಾಕಿದೆ. ಒಂದರಲ್ಲೇ ಹಾಕಬಹುದಿತ್ತು. ಒಮ್ಮೆ ಸುಟ್ಟ ಕೈ, ಅಲ್ವಾ? ಆಮೇಲೆ ರಿಸ್ಟೋರ್ ಪಾಯಿಂಟ್ ಮಾಡೋಣ ಅಂತ ಹೋದರೆ ಸಿಸ್ಟಂ ಪ್ರೊಟೆಕ್ಷನ್ನೇ ಆಫ್. ಆನ್ ಮಾಡಿ, ಸಿ ಡ್ರೈವಿನಲ್ಲಿ ಸ್ವಲ್ಪ ಜಾಗ ಕೊಟ್ಟು, ಒಂದು ಪಾಯಿಂಟ್ ಮಾಡಿಟ್ಟೆ. ರಿಸ್ಟೋರ್ ಪಾಯಿಂಟ್ ನಮ್ಮ ಫೈಲುಗಳನ್ನು ಕಾಯುವುದಿಲ್ಲ. ಸಿಸ್ಟಂ ಫೈಲು, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ), ಪ್ರೋಗ್ರಾಂಗಳನ್ನು ಮಾತ್ರ ಹಿಂದಕ್ಕೆ ತರುತ್ತದೆ. ಅದಕ್ಕೇ ಪೆನ್‌ಡ್ರೈವ್ ಬೇರೆ.

ಪಟ್ಟಿ ಓದಿದ್ದು

ವಿಂಡೋಸ್ ಕೀ ಜೊತೆ ಆರ್ ಒತ್ತಿ ಆಪ್‌ವಿಜ್ ಡಾಟ್ ಸಿಪಿಎಲ್ ಅಂತ ಹೊಡೆದರೆ ಹಳೇ ಕಾಲದ ಪ್ರೋಗ್ರಾಂ ಪಟ್ಟಿ ನೇರ ಬರುತ್ತದೆ. ಸೆಟ್ಟಿಂಗ್ಸ್ ಒಳಗಿನ ಆಪ್ಸ್ ಪಟ್ಟಿಗಿಂತ ನನಗೆ ಇದೇ ಇಷ್ಟ, ಕಾಲಂಗಳು ಇರುತ್ತವೆ. 61 ಹೆಸರು ಇದ್ದವು. ಹೆಸರು ನೋಡಿ ತೀರ್ಮಾನ ಮಾಡಬಾರದು, ಕಸಕ್ಕೆ ಯಾವಾಗಲೂ ಒಳ್ಳೇ ಹೆಸರೇ ಇರುತ್ತದೆ. ನಾನು ಮೊದಲು ಒತ್ತುವುದು "ಇನ್‌ಸ್ಟಾಲ್ಡ್ ಆನ್" ಕಾಲಂ ಮೇಲೆ. ತಾರೀಖಿನ ಪ್ರಕಾರ ಜೋಡಿಸಿದಾಗ ಒಂದು ವಿಷಯ ಎದ್ದು ಕಂಡಿತು. ಹೋದ ವರ್ಷದ ಒಂದೇ ದಿನ ಐದು ಪ್ರೋಗ್ರಾಂ ಬಂದು ಕೂತಿವೆ. ಪಿಸಿಗೆ ವೇಗ ಕೊಡುವುದು, ಡ್ರೈವರ್ ಅಪ್‌ಡೇಟ್ ಮಾಡುವುದು, ಹೊಸ ಬ್ರೌಸರ್, ಹವಾಮಾನ ಹೇಳುವುದು, ಮತ್ತೆ ಒಂದು ಪಿಡಿಎಫ್ ಕನ್ವರ್ಟರ್.

ಅಂಗಡಿಯ ಹುಡುಗ ತಲೆ ಕೆರೆದುಕೊಂಡ. "ಒಬ್ರು ಪಿಡಿಎಫ್ನ ವರ್ಡಿಗೆ ಮಾಡಿಕೊಡಿ ಅಂದಿದ್ರು ಅಣ್ಣ. ಫ್ರೀ ಅಂತ ಇತ್ತು. ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿದೆ."

ಬೇಕಾಗಿದ್ದು ಒಂದು, ಬಂದಿದ್ದು ಐದು. ಇಂಥ ಇನ್‌ಸ್ಟಾಲರುಗಳಲ್ಲಿ "ರೆಕಮೆಂಡೆಡ್" ಅನ್ನುವುದನ್ನು ಆರಿಸಿದರೆ ಉಳಿದ ನಾಲ್ಕಕ್ಕೂ ಮೊದಲೇ ಟಿಕ್ ಹಾಕಿರುತ್ತಾರೆ. "ಕಸ್ಟಮ್" ಅನ್ನುವುದನ್ನು ಒತ್ತಿದರೆ ಮಾತ್ರ ಆ ಟಿಕ್‌ಗಳು ಕಣ್ಣಿಗೆ ಬೀಳುತ್ತವೆ. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಗಿರಾಕಿ ಮುಂದೆ ನಿಂತಿರುವಾಗ ಯಾರು ಓದುತ್ತಾರೆ?

ಈ ಐದರ ಜೊತೆಗೆ ಅವಧಿ ಮುಗಿದ ಎರಡು ಆಂಟಿವೈರಸ್ ಟ್ರಯಲ್‌ಗಳು. ಒಂದರ ಮೇಲೊಂದು. ಹಳೇ ವಿಂಡೋಸ್ ಕಾಲದ ಮಾಡೆಮ್ ಸಾಫ್ಟ್‌ವೇರ್, ಯಾರದೋ ಮೊಬೈಲಿನ ಸಿಂಕ್ ಸಾಫ್ಟ್‌ವೇರ್. ನುಡಿ, ಪ್ರಿಂಟರ್, ಸ್ಕ್ಯಾನರ್, "ರೀಡಿಸ್ಟ್ರಿಬ್ಯೂಟಬಲ್" ಅಂತ ಕೊನೆಯಾಗುವ ವಿಷುಯಲ್ ಸಿ++ ಸಾಲುಗಳು, ಇವನ್ನು ಮುಟ್ಟಬೇಡ ಅಂತ ಹಾಳೆಯ ಮೇಲೆ ಬರೆದು ಹುಡುಗನ ಕೈಗೆ ಕೊಟ್ಟೆ. ಆ ಸಿ++ ಸಾಲುಗಳು ಒಂದೇ ಥರ ಹತ್ತು ಕಾಣುತ್ತವೆ ಅಂತ ಕೆಲವರು ಕಿತ್ತುಬಿಡುತ್ತಾರೆ. ಬೇರೆ ಪ್ರೋಗ್ರಾಂಗಳು ಅವುಗಳ ಮೇಲೇ ನಿಂತಿರುತ್ತವೆ. ಕಿತ್ತ ಮೇಲೆ ಯಾವುದು ಕುಸಿಯುತ್ತದೋ ಗೊತ್ತಾಗಲ್ಲ.

ದೆವ್ವದ ಸಾಲು

ಹವಾಮಾನದ್ದು, ಹೊಸ ಬ್ರೌಸರು, ಮೊಬೈಲಿನದು ಸುಮ್ನೆ ಹೋದವು. ಮಾಡೆಮ್ ಸಾಫ್ಟ್‌ವೇರ್ ಮಾತ್ರ ಹೋಗಲಿಲ್ಲ. ಅನ್‌ಇನ್‌ಸ್ಟಾಲ್ ಒತ್ತಿದರೆ, "ಅನ್‌ಇನ್ಸ್000 ಡಾಟ್ ಡ್ಯಾಟ್ ಫೈಲ್ ಇಲ್ಲ, ತೆಗೆಯಲಾಗದು" ಅನ್ನುವ ಸಂದೇಶ. ಯಾರೋ ಹಿಂದೆ ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ ಫೋಲ್ಡರಿನಲ್ಲಿದ್ದ ಫೈಲುಗಳನ್ನು ಸಿಕ್ಕಷ್ಟು ಡಿಲೀಟ್ ಮಾಡಿದ್ದಾರೆ. ಮಾವನ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

ಪ್ರೋಗ್ರಾಂ ಇನ್‌ಸ್ಟಾಲ್ ಆಗುವಾಗ ಏನೇನು ಎಲ್ಲೆಲ್ಲಿ ಇಟ್ಟೆ ಅಂತ ತನ್ನದೇ ಒಂದು ಲೆಕ್ಕದ ಪುಸ್ತಕ ಬರೆದುಕೊಳ್ಳುತ್ತದೆ. ಆ ಡ್ಯಾಟ್ ಫೈಲೇ ಆ ಪುಸ್ತಕ. ಅದನ್ನೇ ಹರಿದು ಹಾಕಿದರೆ ಅನ್‌ಇನ್‌ಸ್ಟಾಲರಿಗೆ ಏನು ತೆಗೆಯಬೇಕು ಅಂತ ಗೊತ್ತಾಗುವುದಿಲ್ಲ. ನಂಬಿಕಸ್ಥ ಸಾಫ್ಟ್‌ವೇರ್ ಆಗಿದ್ದರೆ ಅದೇ ಆವೃತ್ತಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಆಮೇಲೆ ಸರಿಯಾಗಿ ತೆಗೆಯುವುದು ಉತ್ತಮ ದಾರಿ. ಇದರ ಸೆಟಪ್ ಎಲ್ಲಿಂದ ತರಲಿ? ಮಾಡೆಮ್ಮೇ ಗುಜರಿಗೆ ಹೋಗಿದೆ.

ರಿಜಿಸ್ಟ್ರಿಗೆ ಹೋದೆ. ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಅನ್‌ಇನ್‌ಸ್ಟಾಲ್. ಆ ಪಟ್ಟಿಯಲ್ಲಿ ಕಾಣುವ ಹೆಸರುಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಬರುವುದು. ಅಲ್ಲಿ ಮಾಡೆಮ್ ಇರಲಿಲ್ಲ. 32 ಬಿಟ್ ಪ್ರೋಗ್ರಾಂಗಳಿಗೆ 64 ಬಿಟ್ ವಿಂಡೋಸಿನಲ್ಲಿ ಬೇರೆ ಮನೆ. ಸಾಫ್ಟ್‌ವೇರ್ ಕೆಳಗೆ ವಾವ್6432ನೋಡ್ ಅಂತ ಇರುತ್ತದೆ, ಅದರೊಳಗೆ ಮತ್ತೆ ಇದೇ ದಾರಿ. ಅಲ್ಲಿ ಸಿಕ್ಕಿತು. ರೈಟ್ ಕ್ಲಿಕ್ ಮಾಡಿ ಮೊದಲು ಎಕ್ಸ್‌ಪೋರ್ಟ್, ಆಮೇಲೆ ಡಿಲೀಟ್. ಪಟ್ಟಿಯಿಂದ ಹೆಸರು ಹೋಯಿತು. ಉಳಿದಿದ್ದ ಫೋಲ್ಡರನ್ನೂ ಅಳಿಸಿದೆ.

ಇದೇ ನೆಪದಲ್ಲಿ ಒಂದು ಮಾತು. ರಿಜಿಸ್ಟ್ರಿ "ಕ್ಲೀನ್" ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ನನಗೆ ಬೇಡ. ಮೈಕ್ರೋಸಾಫ್ಟ್ ಕೂಡ ಅವನ್ನು ಬೆಂಬಲಿಸುವುದಿಲ್ಲ. ಸತ್ತ ಸಾಲುಗಳು ಸಾವಿರ ಇದ್ದರೂ ಕಂಪ್ಯೂಟರ್ ನಿಧಾನ ಆಗುವುದಿಲ್ಲ. ನಿಧಾನ ಮಾಡುವುದು ಜೀವ ಇರುವ ಸಾಲುಗಳು. ಬೂಟ್ ಆದಾಗ ಯಾರು ಯಾರನ್ನು ಎಬ್ಬಿಸುತ್ತಿದ್ದಾರೆ, ಅದನ್ನು ಹುಡುಕಬೇಕು.

ಮತ್ತೆ ಹುಟ್ಟಿ ಬಂದದ್ದು

ಅದು ಗೊತ್ತಿದ್ದೂ ನಾನೇ ಎಡವಿದ್ದು ಪಿಸಿಗೆ ವೇಗ ಕೊಡುವ ಸಾಫ್ಟ್‌ವೇರಿನಲ್ಲಿ. ಅನ್‌ಇನ್‌ಸ್ಟಾಲ್ ಒತ್ತಿದೆ. "ಹೋಗ್ತಿದ್ದೀರಾ? 70 ಪರ್ಸೆಂಟ್ ರಿಯಾಯಿತಿ ಕೊಡ್ತೀವಿ" ಅಂತ ಒಂದು ಕಿಟಕಿ. ಬೇಡ ಅನ್ನುವ ಬಟನ್ ಬೂದು ಬಣ್ಣದಲ್ಲಿ, ಸಣ್ಣಗೆ. ಒತ್ತಿದೆ. ಹೋಯಿತು. ರೀಸ್ಟಾರ್ಟ್ ಮಾಡಿದೆ. ಐದು ನಿಮಿಷಕ್ಕೆ ಮತ್ತೆ ಡೆಸ್ಕ್‌ಟಾಪಿನ ಮೇಲೆ ಅದೇ ಐಕಾನ್, ನಗುತ್ತಾ.

ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ಗೆ ಹೋಗಿ ಗುರುತಿಲ್ಲದ ಒಂದು ಹೆಸರಿನ ಮೇಲೆ ರೈಟ್ ಕ್ಲಿಕ್, ಓಪನ್ ಫೈಲ್ ಲೊಕೇಶನ್. ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿಗೆ ಕರೆದುಕೊಂಡು ಹೋಯಿತು. ಆಪ್‌ಡೇಟಾ ಸಾಮಾನ್ಯವಾಗಿ ಬಚ್ಚಿಟ್ಟ ಫೋಲ್ಡರ್, ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಇ (ಪ್ರೋಗ್ರಾಂ ಓಡಿಸುವ ಫೈಲ್) ಡಿಲೀಟ್ ಮಾಡಲು ಹೋದರೆ ಫೈಲ್ ಬಳಕೆಯಲ್ಲಿದೆ ಅನ್ನುತ್ತದೆ. ಎಂಡ್ ಟಾಸ್ಕ್ ಕೊಟ್ಟೆ. ಹತ್ತು ಸೆಕೆಂಡಿಗೆ ಮತ್ತೆ ಎದ್ದಿತು. ಮತ್ತೆ ಕೊಟ್ಟೆ, ಮತ್ತೆ ಎದ್ದಿತು. ಇರುವೆ ಸಾಲನ್ನು ಒರೆಸುತ್ತಾ ಕೂತಿದ್ದೆ, ಗೂಡು ಎಲ್ಲಿದೆ ಅಂತ ನೋಡಿರಲಿಲ್ಲ.

ಸರ್ವೀಸಸ್ ಡಾಟ್ ಎಂಎಸ್‌ಸಿ ತೆರೆದೆ. ತೆರೆಮರೆಯಲ್ಲಿ ಓಡುವ ಸರ್ವೀಸುಗಳೆಲ್ಲ ಇಲ್ಲಿ ಕಾಣುತ್ತವೆ, ಪಟ್ಟಿ ಉದ್ದ. ಅನುಮಾನ ಬಂದದ್ದರ ಪ್ರಾಪರ್ಟೀಸ್ ತೆರೆದರೆ ಅದರ ಎಕ್ಸ್‌ಇ ಎಲ್ಲಿದೆ ಅಂತ ಒಂದು ಸಾಲು ಇರುತ್ತದೆ. ಒಂದರಲ್ಲಿ ಇದೇ ಕಂಪನಿಯ ಹೆಸರು. ರಿಕವರಿ ಟ್ಯಾಬಿನಲ್ಲಿ ಮೊದಲ ಸಲ ಬಿದ್ದರೂ ರೀಸ್ಟಾರ್ಟ್, ಎರಡನೇ ಸಲ ಬಿದ್ದರೂ ರೀಸ್ಟಾರ್ಟ್. ಕೊಂದಷ್ಟೂ ಏಳು ಅಂತ ಬರೆದಿಟ್ಟಿದ್ದಾರೆ! ಸ್ಟಾರ್ಟಪ್ ಟೈಪನ್ನು ಮೊದಲು ಡಿಸೇಬಲ್ಡ್ ಮಾಡಿದೆ, ಆಮೇಲೆ ಸ್ಟಾಪ್. ಈಗ ಎಂಡ್ ಟಾಸ್ಕ್ ಕೊಟ್ಟಾಗ ಎಕ್ಸ್‌ಇ ಏಳಲಿಲ್ಲ.

ಆದರೆ ಅನ್‌ಇನ್‌ಸ್ಟಾಲ್ ಮಾಡಿದ್ದನ್ನು ಮತ್ತೆ ತಂದದ್ದು ಯಾರು? ಟಾಸ್ಕ್ ಶೆಡ್ಯೂಲರ್, ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವಿಂಡೋಸಿನ ಸಾಧನ. ಅದರ ಲೈಬ್ರರಿಯಲ್ಲಿ ಅಪ್‌ಡೇಟ್ ಅನ್ನುವ ಪದ ಇರುವ, ಸಾಧು ಪ್ರಾಣಿಯಂಥ ಹೆಸರಿನ ಒಂದು ಟಾಸ್ಕ್. ಟ್ರಿಗರ್ಸ್ ಟ್ಯಾಬಿನಲ್ಲಿ ಎರಡು ಸಾಲು: ಲಾಗಿನ್ ಆದಾಗ ಒಮ್ಮೆ, ಆಮೇಲೆ ಗಂಟೆಗೊಮ್ಮೆ. ಆಕ್ಷನ್ಸ್ ಟ್ಯಾಬಿನಲ್ಲಿ ಅದೇ ರೋಮಿಂಗ್ ಫೋಲ್ಡರಿನ ಎಕ್ಸ್‌ಇ. ಅಂದರೆ ಮನೆ ಮಾಲೀಕ ಖಾಲಿ ಮಾಡಿ ಹೋದರೂ ಬೀಗದ ಕೀ ಕಾವಲುಗಾರನ ಹತ್ತಿರ ಇತ್ತು. ಗಂಟೆಗೊಮ್ಮೆ ಬಂದು ನೋಡಿ, ಮನೆ ಖಾಲಿ ಇದ್ದರೆ ಮತ್ತೆ ಕರೆತರುತ್ತಿದ್ದ. ಟಾಸ್ಕ್ ಡಿಲೀಟ್ ಮಾಡಿದೆ. ಪ್ರೋಗ್ರಾಂ ಮತ್ತೆ ಅನ್‌ಇನ್‌ಸ್ಟಾಲ್. ರೀಸ್ಟಾರ್ಟ್ ಆದ ಮೇಲೆ ರೋಮಿಂಗ್, ಲೋಕಲ್, ಪ್ರೋಗ್ರಾಂ ಡೇಟಾ ಮೂರರಲ್ಲೂ ಅದರ ಹೆಸರಿನ ಫೋಲ್ಡರುಗಳನ್ನು ಅಳಿಸಿದೆ. ಒಳ್ಳೇ ಸಾಫ್ಟ್‌ವೇರ್‌ಗಳೂ ಈ ಜಾಗಗಳಲ್ಲಿ ಏನಾದರೂ ಬಿಟ್ಟು ಹೋಗುತ್ತವೆ. ನಾಳೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಸೆಟ್ಟಿಂಗ್ ಉಳಿದಿರಲಿ ಅಂತ. ಅದೊಂದು ತಪ್ಪಲ್ಲ.

ಉಳಿದಿದ್ದು ಸರ್ವೀಸಿನ ಖಾಲಿ ಹೆಸರು. ಅದನ್ನು ಅಳಿಸಲು ಕಮಾಂಡ್ ಪ್ರಾಂಪ್ಟ್ ಅನ್ನುವ, ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ ಎಸ್‌ಸಿ ಡಿಲೀಟ್ ಅಂತ ಬರೆದು ಸರ್ವೀಸಿನ ಹೆಸರು ಕೊಡಬೇಕು. ಕೊಟ್ಟೆ. ಯಾವ ಉತ್ತರವೂ ಬರಲಿಲ್ಲ. ಸರ್ವೀಸ್ ಹಾಗೇ ಕೂತಿದೆ. ಹೀಗೇ ಮೂರು ಸಲ. ಆಮೇಲೆ ನೋಡಿದರೆ ನಾನು ತೆರೆದಿದ್ದು ಕಮಾಂಡ್ ಪ್ರಾಂಪ್ಟ್ ಅಲ್ಲ, ಪವರ್‌ಶೆಲ್. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಎಸ್‌ಸಿ ಅಂದರೆ ಸೆಟ್ ಕಂಟೆಂಟ್ ಅನ್ನುವುದರ ಅಡ್ಡಹೆಸರು. ಫೈಲಿಗೆ ಬರೆಯುವ ಕಮಾಂಡ್ ಅದು. ಸಿಸ್ಟಂ32 ಫೋಲ್ಡರಿನಲ್ಲಿ "ಡಿಲೀಟ್" ಅನ್ನುವ ಹೆಸರಿನ ಒಂದು ಫೈಲ್ ಹುಟ್ಟಿತ್ತು, ಒಳಗೆ ಸರ್ವೀಸಿನ ಹೆಸರು. ಕಸ ತೆಗೆಯಲು ಬಂದವನು ಕಸ ಹಾಕಿದ್ದೆ. ಆ ಫೈಲನ್ನು ತೆಗೆದು, ಎಸ್‌ಸಿ ಡಾಟ್ ಎಕ್ಸ್‌ಇ ಅಂತ ಪೂರ್ತಿ ಬರೆದಾಗ ಒಂದೇ ಏಟಿಗೆ ಹೋಯಿತು.

ಅಷ್ಟರಲ್ಲಿ ಅತ್ತೆ ಉಪ್ಪಿಟ್ಟು ಕಳಿಸಿದರು. ಡ್ರೈವರ್ ಅಪ್‌ಡೇಟ್ ಮಾಡುವುದೂ ಇದರ ತಮ್ಮನೇ, ಅದೇ ಕ್ರಮ, 10 ನಿಮಿಷದಲ್ಲಿ ಮುಗಿಯಿತು. ಕ್ರಮ ಗೊತ್ತಾದ ಮೇಲೆ ಬೇಗ: ಮೊದಲು ಎಬ್ಬಿಸುವವರನ್ನು ನಿಲ್ಲಿಸು, ಆಮೇಲೆ ಅದರದೇ ಅನ್‌ಇನ್‌ಸ್ಟಾಲರ್ ಓಡಿಸು, ರೀಸ್ಟಾರ್ಟ್ ಆದ ಮೇಲೆ ಗುಡಿಸು.

ಆಂಟಿವೈರಸ್‌ಗಳನ್ನು ಹೀಗೆ ಕೈಯಲ್ಲಿ ಕೀಳಲು ಹೋಗಬಾರದು, ಅವು ಸಿಸ್ಟಂನ ತುಂಬಾ ಆಳಕ್ಕೆ ಕೈ ಇಟ್ಟಿರುತ್ತವೆ. ಅವುಗಳ ಕಂಪನಿಗಳೇ ತೆಗೆಯುವ ಸಾಧನ ಕೊಡುತ್ತವೆ. ಯುಪಿಎಸ್ ಬ್ಯಾಟರಿ ಸರಿ ಇದೆಯಾ ನೋಡಿಕೊಂಡು ಅವುಗಳಿಂದಲೇ ತೆಗೆದೆ. ಒಂದಾದ ಮೇಲೆ ಒಂದು, ನಡುವೆ ರೀಸ್ಟಾರ್ಟ್. ಎರಡೂ ಹೋದ ಮೇಲೆ ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗೇ ಎದ್ದು ಕೆಲಸ ಶುರು ಮಾಡಿತು. ಇಷ್ಟು ದಿನ ಅವಧಿ ಮುಗಿದವರು ಜಾಗ ಹಿಡಿದು ಅದನ್ನು ಮಲಗಿಸಿದ್ದರು.

ಕೊನೆಗೆ ಆಟೋರನ್ಸ್ ಓಡಿಸಿದೆ. ಸಿಸ್‌ಇಂಟರ್ನಲ್ಸ್‌ನವರ ಚಿಕ್ಕ ಸಾಧನ, 2006ರಿಂದ ಮೈಕ್ರೋಸಾಫ್ಟಿನದೇ. ಕಂಪ್ಯೂಟರ್ ಏಳುವಾಗ ತಾನೂ ಏಳುವ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್ ಸಾಲುಗಳನ್ನು ಮುಚ್ಚುವ ಆಯ್ಕೆ ಒತ್ತಿದರೆ ಪಟ್ಟಿ ಓದುವಷ್ಟು ಸಣ್ಣದಾಗುತ್ತದೆ. ಹಳದಿ ಸಾಲು ಅಂದರೆ ಹೆಸರಿದೆ, ಫೈಲ್ ಇಲ್ಲ. ಅಂಥವು ಒಂಬತ್ತು ಸಿಕ್ಕವು. ಡಿಲೀಟ್ ಮಾಡುವ ಬದಲು ಟಿಕ್ ತೆಗೆದೆ ಅಷ್ಟೆ. ಏನಾದರೂ ಕೆಟ್ಟರೆ ಮತ್ತೆ ಟಿಕ್ ಹಾಕಬಹುದು.

ಬ್ರೌಸರು, ಮಾಲೀಕರು ಯಾರು

ಮಾವ ಹೇಳುತ್ತಿದ್ದ ವೈರಸ್ ಬಡಬಡಿಕೆ ಇನ್ನೂ ನಿಂತಿರಲಿಲ್ಲ. ಅದು ಸಾಫ್ಟ್‌ವೇರೇ ಅಲ್ಲ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್ ಒಳಗಿನ ನೋಟಿಫಿಕೇಶನ್ಸ್‌ನಲ್ಲಿ ನೋಡಿದರೆ 23 ಸೈಟುಗಳಿಗೆ "ಅಲೋ" ಕೊಟ್ಟಿದ್ದಾರೆ. "ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅನ್ನುತ್ತವಲ್ಲ, ಆ ಥರದವು. ಯಾವ ಅನ್‌ಇನ್‌ಸ್ಟಾಲರೂ ಇದನ್ನು ಹಿಡಿಯುವುದಿಲ್ಲ, ಪಟ್ಟಿಯಲ್ಲೂ ಕಾಣುವುದಿಲ್ಲ. 23ನ್ನೂ ತೆಗೆದು, ಇನ್ನು ಮುಂದೆ ಯಾರೂ ಕೇಳದ ಹಾಗೆ ಮಾಡಿದೆ. ಅಂಗಡಿ ಕಂಪ್ಯೂಟರಿಗೆ ನೋಟಿಫಿಕೇಶನ್ ಯಾಕೆ ಬೇಕು?

ಡೆಸ್ಕ್‌ಟಾಪಿನ ಕ್ರೋಮ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಅನ್ನುವ ಸಾಲಿನ ಕೊನೆಗೆ ಯಾವುದೋ ಸೈಟಿನ ವಿಳಾಸ ಅಂಟಿಸಿದ್ದರು. ಹೋಂಪೇಜ್ ಎಷ್ಟು ಬದಲಿಸಿದರೂ ಅದೇ ತೆರೆಯುತ್ತಿದ್ದುದು ಅದಕ್ಕೇ. ಕಿತ್ತೆ.

ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಿಗೆ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಹುಡುಕಾಟದ ಒಂದು ಎಕ್ಸ್‌ಟೆನ್ಶನ್‌ಗೆ ರಿಮೂವ್ ಬಟನ್ನೇ ಕೆಲಸ ಮಾಡಲಿಲ್ಲ. ಮೆನುವಿನ ತಳದಲ್ಲಿ "ನಿಮ್ಮ ಸಂಸ್ಥೆಯಿಂದ ನಿರ್ವಹಿಸಲ್ಪಡುತ್ತಿದೆ" ಅನ್ನುವ ಅರ್ಥದ ಸಾಲು.

ಮಾವ ಕನ್ನಡಕ ಏರಿಸಿ ಓದಿದರು. "ಯಾವ ಸಂಸ್ಥೆನೋ? ಇಲ್ಲಿ ಓನರ್ ನಾನು!"

ದೊಡ್ಡ ಆಫೀಸುಗಳು ತಮ್ಮ ಕಂಪ್ಯೂಟರುಗಳಿಗೆ ಎಕ್ಸ್‌ಟೆನ್ಶನ್ ಹೇರಲು ಇರುವ ಸೌಲಭ್ಯ ಅದು. ಕಸವೂ ಅದೇ ಬಾಗಿಲಿಂದ ನುಗ್ಗುತ್ತದೆ. ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಒಳಗೆ ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್ ಅನ್ನುವ ಕೀ ಇತ್ತು. ಅದರಲ್ಲಿ ಒಂದೇ ಸಾಲು. ಎಕ್ಸ್‌ಪೋರ್ಟ್, ಡಿಲೀಟ್, ಕ್ರೋಮ್ ಮುಚ್ಚಿ ತೆರೆದಾಗ ಅದು ತಾನಾಗೇ ಹೋಗಿತ್ತು. ನಿಮ್ಮ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಬೇಡಿ, ಅಲ್ಲಿ ನಿಜವಾಗಲೂ ಸಂಸ್ಥೆ ಇರುತ್ತದೆ. ಕೂಪನ್ ಹುಡುಕಿಕೊಡುವ ಇನ್ನೊಂದು ಎಕ್ಸ್‌ಟೆನ್ಶನ್ ಇತ್ತು, ಅದು ಹೇಳಿದ ಮಾತು ಕೇಳಿ ಹೋಯಿತು.

ಮಧ್ಯಾಹ್ನ ಎರಡೂವರೆಗೆ ಸ್ಟಾಪ್‌ವಾಚ್: 2 ನಿಮಿಷ 50 ಸೆಕೆಂಡ್. ಇದಕ್ಕಿಂತ ಕಡಿಮೆ ಆಗಬೇಕಾದರೆ ಎಸ್.ಪಿ. ರೋಡಿಗೆ ಹೋಗಿ ಹಾರ್ಡ್ ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ತರಬೇಕು. ನುಡಿಯಲ್ಲಿ ಹಳೇ ಕರಾರು ಪತ್ರ ಒಂದನ್ನು ತೆರೆದು ಪ್ರಿಂಟ್ ಕೊಟ್ಟೆ. ಒತ್ತಕ್ಷರ ಸಮೇತ ಸರಿಯಾಗಿ ಬಂತು. ಮಾವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಜೇಬಿಗೆ ಮಡಚಿಟ್ಟುಕೊಂಡರು.

ಬುಧವಾರ

ಹುಡುಗ ಫೋನ್ ಮಾಡಿದ. "ಅಣ್ಣ, ಆ ಕೂಪನ್ ಮತ್ತೆ ಬಂದಿದೆ."

ಶೆಡ್ಯೂಲರ್ ನೋಡು ಅಂದೆ, ಏನಿಲ್ಲ. ಸರ್ವೀಸ್, ಇಲ್ಲ. ಆಟೋರನ್ಸ್‌ನಲ್ಲಿ ಹೊಸದೊಂದೂ ಇಲ್ಲ. ಸಂಜೆ ಅಂಗಡಿಗೆ ಹೋಗಿ ಅರ್ಧ ಗಂಟೆ ತಡಕಾಡಿದೆ. ಆಮೇಲೆ ಕ್ರೋಮ್‌ನ ಮೇಲಿನ ಮೂಲೆಯ ಗುಂಡಗಿನ ಚಿತ್ರ ಕಣ್ಣಿಗೆ ಬಿತ್ತು. ಅಂಗಡಿಯ ಜಿಮೇಲ್, ಸಿಂಕ್ ಆನ್.

"ಮಾವ, ಈ ಅಕೌಂಟ್ ಇನ್ನೆಲ್ಲಿದೆ?"

"ಮನೇಲಿ. ನಿಮ್ಮತ್ತೆ ಲ್ಯಾಪ್‌ಟಾಪಲ್ಲಿ."

ಮಂಗಳವಾರ ರಾತ್ರಿ ಅತ್ತೆ ತಪ್ಪಿಹೋದ ಸೀರಿಯಲ್ ನೋಡಲು ಯಾವುದೋ ಸೈಟಿಗೆ ಹೋಗಿದ್ದಾರೆ. ಮುಂದೆ ನೋಡಬೇಕಾದರೆ ಇದನ್ನು ಸೇರಿಸಿ ಅಂದಿದೆ. ಸೇರಿಸಿದ್ದಾರೆ. ಒಂದು ಕಡೆ ಸೇರಿಸಿದ ಎಕ್ಸ್‌ಟೆನ್ಶನ್ ಸಿಂಕ್ ಮೂಲಕ ಅದೇ ಅಕೌಂಟ್ ಇರುವ ಎಲ್ಲ ಕಡೆಗೂ ಹೋಗುತ್ತದೆ. ಮೊದಲ ಸಲವೂ ಹೀಗೇ ಬಂದಿರಬೇಕು. ಹುಡುಗನ ಮೇಲೆ ಹೊರಿಸಿದ ಲೆಕ್ಕದಲ್ಲಿ ಇದೊಂದನ್ನು ಕಳೆದೆ. ಅಂಗಡಿಯಲ್ಲಿ ಎಕ್ಸ್‌ಟೆನ್ಶನ್ ತೆಗೆದು, ಸಿಂಕ್ ಸೆಟ್ಟಿಂಗ್‌ನಲ್ಲಿ ಬುಕ್‌ಮಾರ್ಕ್ ಉಳಿಸಿ ಎಕ್ಸ್‌ಟೆನ್ಶನ್ ಆಫ್ ಮಾಡಿದೆ. ಮನೆಯಲ್ಲಿ ಅತ್ತೆಗೆ ಅವರದೇ ಹೆಸರಿನ ಬೇರೆ ಪ್ರೊಫೈಲ್ ಮಾಡಿಕೊಟ್ಟೆ.

ಆ ಲ್ಯಾಪ್‌ಟಾಪಿನ ಪ್ರೋಗ್ರಾಂ ಪಟ್ಟಿಯನ್ನು ಸುಮ್ನೆ ಒಂದು ಸಲ ತೆರೆದು ನೋಡಿದೆ. 84. ಅಲ್ಲಿ ನುಡಿ ಇಲ್ಲ, ಫೋಟೋಗಳು ಬಿಟ್ಟರೆ ಉಳಿಸುವಂಥದ್ದೂ ಏನಿಲ್ಲ. ಫಾರ್ಮ್ಯಾಟ್‌ಗೆ ಅತ್ತೆ ಒಪ್ಪಿದ್ದಾರೆ. ಬರುವ ಭಾನುವಾರ, ಸಂಜೆ ಸೀರಿಯಲ್ ಶುರುವಾಗುವ ಮುಂಚೆ ಮುಗಿಸಿಕೊಡಬೇಕಂತೆ.